ಕಾಲು ನೋಡುವ ಕಾಕಾ

ನಮ್ಮ ಕಾಕಾ ನನ್ನ ಮುಖವನ್ನು ಈವರೆಗೆ ಸರಿಯಾಗಿ ನೋಡಿಲ್ಲ ಎಂದು ನಾನು ಆಣೆ ಮಾಡಿ ಹೇಳಬಲ್ಲೆ. ಹುಟ್ಟಿದಾಗಿನಿಂದ ಎತ್ತಿ ಆಡಿಸಿದ್ದಾರೆ, ಸುಳ್ಳಲ್ಲ. ಆದರೆ ಅವರ ಲೆಕ್ಕದಲ್ಲಿ ಮನುಷ್ಯ ಎಂಬ ಪ್ರಾಣಿ ಮೊಣಕಾಲಿನಿಂದ ಶುರುವಾಗಿ ಹೆಬ್ಬೆರಳಿಗೆ ಮುಗಿಯುತ್ತಾನೆ! ಅದರ ಮೇಲೆ ಹೊಟ್ಟೆ, ಎದೆ, ತಲೆ ಎಂದು ಏನೇನೋ ಇರುವುದು ಉಳಿದ ಡಾಕ್ಟರರ ಹೊಟ್ಟೆಪಾಡಿಗೆ.

ಕಾಕಾ ಸಕ್ಕರೆ ಕಾಯಿಲೆಯ ಡಾಕ್ಟರು. ಚಹಾವನ್ನೇ ಪಾಯಸದ ಹಾಗೆ ಕುಡಿಯುವ ಹೈದರಾಬಾದಿನಲ್ಲಿ ಅಂಥವರಿಗೆ ಕೆಲಸಕ್ಕೇನು ಬರ? ಕಾಯಿಲೆ ಹಳೆಯದಾದರೆ ಕೆಲವರ ಪಾದಗಳಿಗೆ ಸ್ಪರ್ಶವೇ ತಿಳಿಯುವುದಿಲ್ಲವಂತೆ. ಮುಳ್ಳು ಚುಚ್ಚಿದರೂ ಗೊತ್ತಾಗುವುದಿಲ್ಲ. ಗೊತ್ತಾಗದ ಗಾಯ ಕೊಳೆತು ಕಾಲನ್ನೇ ಕತ್ತರಿಸುವ ಕಾಲ ಬರುತ್ತದೆ. ಆ ಕಾಲುಗಳನ್ನು ಉಳಿಸುವುದು ಹೇಗೆ ಎಂಬುದೇ ಕಾಕಾನ ಜೀವಮಾನದ ಸಂಶೋಧನೆ. ಅದರ ಗಡಿಬಿಡಿಯಲ್ಲಿ ಮದುವೆಯಾಗುವುದನ್ನೇ ಮರೆತರು. ನೆನಪಿಸಿದವರಿಗೆ, "ನಿಮ್ಮ ಹಿಮ್ಮಡಿ ಒಡದಾವ, ಮೊದಲು ಅದನ್ನ ನೋಡ್ಕೋರಿ" ಎಂದು ಹೇಳಿ ಕಳಿಸಿದರು.

ಕೋಠಿ ಬಜಾರಿನ ಗದ್ದಲದಲ್ಲಿ ಹಳೆಯ ಪೇಷಂಟುಗಳು ಎದುರಾಗಿ ಕೈ ಮುಗಿದರೆ ಕಾಕಾ ಪಿಳಿಪಿಳಿ ನೋಡುತ್ತಾರೆ. ಗುರುತು ಹತ್ತಬೇಕಲ್ಲ! ಅನುಭವಸ್ಥ ಪೇಷಂಟುಗಳು ಹೆಸರು ಹೇಳುವ ಗೋಜಿಗೆ ಹೋಗದೆ ಒಂದು ಚಪ್ಪಲಿ ಬಿಚ್ಚುತ್ತಾರೆ. ಬಿಚ್ಚಿದ್ದೇ ತಡ, "ಅರೆ, ಖಾನ್ ಸಾಬ್! ಕೈಸೇ ಹೈ?" ಎಂದು ಕಾಕಾ ಅವರನ್ನು ತಬ್ಬಿಕೊಳ್ಳುತ್ತಾರೆ.

ದಿಲ್‌ಸುಖ್‌ನಗರದ ಒಂದು ಮದುವೆಗೆ ಹೋಗಿದ್ದೆವು. ಅಕ್ಕಿಕಾಳು ಬೀಳುವ ಹೊತ್ತಿಗೆ ಕಾಕಾ ಮಾಯ. ಹುಡುಕಿದರೆ ಕಲ್ಯಾಣ ಮಂಟಪದ ಬಾಗಿಲಲ್ಲಿ, ಚಪ್ಪಲಿಗಳ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಒಂದೊಂದನ್ನೇ ಬೋರಲು ಹಾಕಿ ತಳ ನೋಡುತ್ತಿದ್ದಾರೆ! ಯಾರ ಹೆಜ್ಜೆಯ ಭಾರ ಎಲ್ಲಿ ಬೀಳುತ್ತದೆ, ಯಾವ ಅಟ್ಟೆ ಎಲ್ಲಿ ಸವೆದಿದೆ ಎಂಬ ಅಧ್ಯಯನವಂತೆ. ಹಿಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ ವಾಚ್‌ಮನ್, "ಏಂ ಸಾರ್, ಮೀ ಸೈಜು ದೊರಕಲೇದಾ?" ಎಂದು ಕೇಳಿದ. ನಿಮ್ಮ ಸೈಜು ಸಿಗಲಿಲ್ಲವೇ, ಎಂದು! ಕಾಕಾ ತಲೆ ಎತ್ತಲೇ ಇಲ್ಲ. ಅವನ ಪಾದವನ್ನೇ ನೋಡಿ, ಬೆರಳ ಸಂದಿಯ ಹುಣ್ಣು ಎಷ್ಟು ದಿನದ್ದು ಎಂದು ವಿಚಾರಿಸಿದರು. ಮರುವಾರದಿಂದ ಅವನೂ ಕಾಕಾನ ಪೇಷಂಟು.

ನನ್ನ ಮದುವೆಯ ಮಾತುಕತೆಯಾದರೂ ನೆಟ್ಟಗೆ ನಡೆಯಿತೇ? ಮೈಸೂರಿನ ಹುಡುಗ, ಇಲ್ಲಿ ಐಟಿ ಕೆಲಸ. ಪಾಪ, ಹೊಸ ಅಂಗಿ ತೊಟ್ಟು ಬಂದಿದ್ದ. ಅಪ್ಪ ಸಂಬಳ ಕೇಳಬೇಕೆಂದಿದ್ದರು, ಅವ್ವ ನಕ್ಷತ್ರ ಕೇಳಬೇಕೆಂದಿದ್ದಳು. ಅಷ್ಟರಲ್ಲಿ ಕಾಕಾ, "ಸಾಕ್ಸ್ ತಗೀರಿ" ಎಂದುಬಿಟ್ಟರು. ಹುಡುಗ ತೆಗೆದ. ಕಾಕಾ ಬ್ಯಾಟರಿ ಬಿಟ್ಟು ನೋಡಿ, ಬೆರಳು ಒತ್ತಿ, "ಹುಡುಗನ ಕಾಲು ಭಾಳ ಚೊಲೋ ಅದಾವ. ಕೊಟ್ಟುಬಿಡ್ರಿ" ಎಂದು ತೀರ್ಪು ಕೊಟ್ಟು ಎದ್ದರು. "ಅಲ್ಲ, ನಿಮ್ಮ ಕಡೆ ಗಂಡನ್ನ ಹೀಗೇನಾ ನೋಡೋದು?" ಎಂದು ನನ್ನ ಗಂಡ ಇಂದಿಗೂ ಕೇಳುತ್ತಾನೆ.

ಇಷ್ಟೆಲ್ಲ ಸಂಶೋಧನೆ ಮಾಡಿ ಕಾಕಾ ಕಂಡುಕೊಂಡದ್ದು ಬಲು ಸರಳ. ನಮ್ಮವರು ಬೀದಿಯಲ್ಲಿ ಚಪ್ಪಲಿ ಹಾಕಿ, ಮನೆಯೊಳಗೆ ಬರಿಗಾಲಲ್ಲಿ ಓಡಾಡುತ್ತಾರೆ. ಕಾಲು ಹಾಳಾಗುವುದು ಮನೆಯೊಳಗೇ. ಹಾಗಾಗಿ ಅಡುಗೆಮನೆಗೂ ದೇವರ ಮನೆಗೂ ಹಾಕಿಕೊಳ್ಳಬಹುದಾದ ಮೆತ್ತನೆಯ ಬಟ್ಟೆಯ ಚಪ್ಪಲಿಯನ್ನು ಅವರೇ ಹೊಲಿಸಿದರು. ಊರೆಲ್ಲ ಹಾಕಿಕೊಂಡಿತು. ಪರದೇಶದ ಡಾಕ್ಟರರೂ ಚಪ್ಪಾಳೆ ತಟ್ಟಿದರು. ಹಾಕಿಕೊಳ್ಳದೆ ಉಳಿದವಳು ಒಬ್ಬಳೇ, ಅದೂ ಅವರದೇ ಮನೆಯಲ್ಲಿ!

ಅವಳು ನಮ್ಮ ಅತ್ತಿ, ಕಾಕಾನ ದೊಡ್ಡಕ್ಕ. ತಾಯಿ ಇಲ್ಲದ ತಮ್ಮಂದಿರನ್ನು ಬೆಳೆಸಿದವಳು. ಗಂಡ ತೀರಿದ ಮೇಲೆ ಮಲ್ಕಾಜ್‌ಗಿರಿಯ ಈ ಮನೆಯೇ ಅವಳ ರಾಜ್ಯ, ಕಾಕಾ ಪ್ರಜೆ. ಮಹಡಿಯ ಮೇಲೆ ನಾವು, ಜಗಳ ಕೇಳುವವರು. ಅತ್ತಿಗೂ ಸಕ್ಕರೆ ಕಾಯಿಲೆ, ಬಹಳ ಹಳೆಯದು.

"ಪರದೇಶಕ್ಕ ಹೋಗಿ ಭಾಷಣಾ ಮಾಡಿ ಬಂದಾಂವ, ದೇವರ ಮನ್ಯಾಗ ಚಪ್ಪಲಿ ಹಾಕ್ಕೋ ಅನ್ನಾಕ ನಾಚಿಕಿ ಬರೂದಿಲ್ಲೇನು ನಿನಗ?"

"ಇದು ಚಪ್ಪಲಿ ಅಲ್ಲಕ್ಕಾ, ಔಷಧ ಐತಿ."

"ಔಷಧ ಆದ್ರ ಬಾಯಾಗ ಹಾಕ್ಕೋ!"

ಕಾಕಾ ಬಿಡುವವರೇ? ಒಂದು ದಿನ ಚಪ್ಪಲಿಯ ಪಟ್ಟಿಗೆ ವಿಭೂತಿ ಬಳಿದು ತಂದರು. ಅತ್ತಿ ಚಪ್ಪಲಿಯನ್ನು ಅಂಗಳಕ್ಕೆಸೆದು ಕಾಕಾನನ್ನು ಮತ್ತೊಮ್ಮೆ ಸ್ನಾನಕ್ಕೆ ಕಳಿಸಿದಳು. ಇನ್ನೊಂದು ದಿನ ಪರೀಕ್ಷೆ ಮಾಡಿಯೇ ಒಪ್ಪಿಸುತ್ತೇನೆಂದು ಕೂಡಿಸಿದರು. ಕಣ್ಣು ಮುಚ್ಚಿಕೊಳ್ಳಬೇಕು, ಪಾದಕ್ಕೆ ಒಂದು ಪ್ಲಾಸ್ಟಿಕ್ ಎಳೆ ಮುಟ್ಟಿಸುತ್ತಾರೆ, ಮುಟ್ಟಿದ್ದು ತಿಳಿದರೆ ಹೇಳಬೇಕು.

"ಗೊತ್ತಾತು" ಎಂದಳು ಅತ್ತಿ. "ಈಗೂ ಗೊತ್ತಾತು. ಈಗೂ. ಚಂದ ಗೊತ್ತಾಗಾಕತ್ತೈತಿ, ಇನ್ನ ಬಿಡು ನನ್ನ, ಕುಕ್ಕರ್ ಕೂಗಾಕತ್ತೈತಿ."

ಕಾಕಾ ಎಳೆಯನ್ನು ಇನ್ನೂ ಡಬ್ಬಿಯಿಂದ ತೆಗೆದೇ ಇರಲಿಲ್ಲ! ನಾನು ನಗು ತಡೆಯಲಾರದೆ ಮಹಡಿಗೆ ಓಡಿದೆ. ಕಾಕಾ ನಗಲಿಲ್ಲ. ಎಷ್ಟೋ ಹೊತ್ತು ಆ ಡಬ್ಬಿ ಹಿಡಿದು ಅಲ್ಲೇ ಕೂತಿದ್ದರಂತೆ.

ಹೋದ ಶ್ರಾವಣದ ಸೋಮವಾರ ಪೂಜೆಗೆ ಹೂ ಕೊಡಲು ಕೆಳಗಿಳಿದೆ. ಅತ್ತಿ ದೇವರ ಮುಂದೆ ನಿಂತು, ಕೆಂಡದ ಮೇಲೆ ಲೋಬಾನ ಹಾಕಿ ಧೂಪ ಬೆಳಗುತ್ತಿದ್ದಳು. ಹೊರಗೆ ಪೇಪರ್ ಓದುತ್ತಿದ್ದ ಕಾಕಾ ಇದ್ದಕ್ಕಿದ್ದಂತೆ ಎದ್ದು ಒಳಗೆ ಓಡಿಬಂದರು. ಲೋಬಾನದ ಘಮದಲ್ಲಿ ಬೇರೆ ಏನೋ ವಾಸನೆ ಅವರಿಗೆ ಹತ್ತಿತ್ತು. ಒಂದು ಕೆಂಡ ಕೆಳಗೆ ಬಿದ್ದಿತ್ತು. ಅತ್ತಿ ಅದರ ಮೇಲೆ ನಿಂತಿದ್ದಳು. ನಿಂತು ನಿಶ್ಚಿಂತೆಯಿಂದ ಮಂತ್ರ ಹೇಳುತ್ತಿದ್ದಳು.

ಗಾಯ ತೀರ ಆಳದ್ದಲ್ಲ, ಮಾಯುತ್ತದೆ ಎಂದು ಆಮೇಲೆ ತಿಳಿಯಿತು. ಆದರೆ ಆ ಹೊತ್ತಿಗೆ, ಊರ ಮಂದಿಯ ಕಾಲುಗಳನ್ನು ಹಿಡಿದು ಪಳಗಿದ ಕಾಕಾನ ಕೈಗಳಿಗೆ ಒಂದು ಪಟ್ಟಿ ಕಟ್ಟಲೂ ಆಗಲಿಲ್ಲ. ಅವರು ಹೇಳಿದಂತೆ ನಾನೇ ಕಟ್ಟಿದೆ. ದೇವರ ಮನೆಯ ಹೊಸ್ತಿಲಲ್ಲಿ ಕೂತು ಕಾಕಾ ಸಣ್ಣ ಹುಡುಗರ ಹಾಗೆ ಅತ್ತರು. ಅವರು ಅಳುವುದನ್ನು ನಾನು ಎಂದೂ ನೋಡಿರಲಿಲ್ಲ. ನನಗೂ ಅಳು ಬಂತು.

"ಅಕ್ಕಾ, ಸುಡೂದು ಒಟ್ಟ ಗೊತ್ತಾಗಲಿಲ್ಲೇನು ನಿನಗ?"

ಅತ್ತಿ ಪಟ್ಟಿ ಕಟ್ಟಿದ ಕಾಲನ್ನು ಸೀರೆಯ ಅಂಚಿನಿಂದ ಮುಚ್ಚಿಕೊಂಡಳು. "ಇಲ್ಲೋ ತಮ್ಮಾ. ಯುಗಾದಿ ದಿನ ನೀ ನನಗ ನಮಸ್ಕಾರ ಮಾಡಿದ್ಯಲ್ಲ, ನಿನ್ನ ಕೈ ಮುಟ್ಟಿದ್ದೂ ಗೊತ್ತಾಗಲಿಲ್ಲ ನನಗ. ಅಂದ್ರ ನೀ ಹೆದರ್ತಿ ಅಂತ ಅನ್ನಲಿಲ್ಲ."

ಆಮೇಲೆ ಅವಳೇ ಚಪ್ಪಲಿ ತಾ ಎಂದಳು. ಗಾಯದ ಕಾಲಿಗೆ ಈಗ ಬೇಡ ಎಂದು ಕಾಕಾ ಇನ್ನೊಂದು ಕಾಲಿಗೆ ಮಾತ್ರ ಹಾಕಿದರು, ಅಲ್ಲೇ, ದೇವರ ಎದುರಿಗೇ. ಹಾಕಿ, ಆ ಪಾದವನ್ನು ಎರಡೂ ಕೈಯಲ್ಲಿ ಹಿಡಿದು ಕೂತರು. ಅತ್ತಿ ಬಗ್ಗಿ, ತಮ್ಮನ ಕೈ ಅಲ್ಲಿ ಇದೆಯೇ ಎಂದು ಕಣ್ಣಿನಿಂದ ನೋಡಿಕೊಂಡಳು. ನೋಡಿದ ಮೇಲೆ ಅವರ ತಲೆಯ ಮೇಲೆ ಕೈಯಿಟ್ಟಳು.