ಹಳದಿ ಬಾಟಲಿಯ ಪ್ರತಾಪ

ಬಾಯಾರಿಕೆ ತಡೆಯಲಾರದೆ ಕೈಗೆ ಸಿಕ್ಕಿದ ಬಾಟಲಿಯನ್ನೆತ್ತಿ ಗಟಗಟ ಕುಡಿದದ್ದೇ ಇಲಿಯಪ್ಪನ ತಪ್ಪು. ಅದರ ಮೇಲಿನ ಹಳದಿ ಚೀಟಿ ಅವನ ಕಣ್ಣಿಗೆ ಬಿದ್ದದ್ದು ಬಾಟಲಿ ಖಾಲಿಯಾದ ಮೇಲೆ.

ಪ್ರಯೋಗಶಾಲೆಯ ಇಲಿಗಳನ್ನು ಹತ್ತೊಂಬತ್ತು ವರ್ಷಗಳಿಂದ ಸಾಕುತ್ತಿದ್ದವನಿಗೆ ಆ ಹೆಸರು ತಾನಾಗಿಯೇ ಅಂಟಿತ್ತು. ಪಾಪ, ಯಾರಿಗೂ ಎದುರಾಡಿದವನಲ್ಲ. ಈಗಿನ ಪ್ರಯೋಗಕ್ಕೆ ನಾಲ್ಕು ಬಣ್ಣದ ಚೀಟಿ ಅಂಟಿಸಿದ ಬಾಟಲಿಗಳು. ಒಂದರಲ್ಲಿ ಕೆಫೀನ್, ಒಂದರಲ್ಲಿ ಮೈ ಬೆಳೆಸುವ ಸ್ಟೀರಾಯ್ಡ್, ಒಂದರಲ್ಲಿ ಎರಡೂ, ಇನ್ನೊಂದರಲ್ಲಿ ಬರೀ ನೀರು. ಎರಡೂ ಕುಡಿದ ಇಲಿ ಹೆಚ್ಚು ಸಿಡುಕುತ್ತದೆಯೇ, ಕಚ್ಚಾಡುತ್ತದೆಯೇ ಎಂದು ನೋಡಬೇಕಿತ್ತು. ಯಾವ ಬಣ್ಣದಲ್ಲಿ ಏನಿದೆ ಎಂಬ ಗುಟ್ಟು ಪ್ರಯೋಗ ನಡೆಸುತ್ತಿದ್ದ ಮೇಡಂ ಅವರ ಬೀರುವಿನ ಲಕೋಟೆಯಲ್ಲಿತ್ತು. ನಡುವೆ ಒಡೆದರೆ ಪ್ರಯೋಗವೇ ಕೆಟ್ಟಂತೆ.

ಇಲಿಯಪ್ಪನಿಗೆ ಲಕೋಟೆ ಬೇಕಿರಲಿಲ್ಲ. ಬೆಳಿಗ್ಗೆಯಷ್ಟೇ ಹಳದಿ ಬಾಟಲಿ ತಗುಲಿಸಿದ ಗೂಡಿನ ಇಲಿ ಅವನ ಬೆರಳು ಕಚ್ಚಿತ್ತು. "ಎರಡೂ ಇರೋದು ಇದರಲ್ಲೇ!" ಎಂದುಕೊಂಡ. ಎದೆ ಡವಡವ ಎಂದಿತು, ಕಿವಿ ಬಿಸಿಯಾಯಿತು. ತೋಳು ಉಬ್ಬಿದಂತೆಯೂ ಅನಿಸಿತು.

"ಏನಪ್ಪಾ, ಬಾಲ ಬೆಳೀತಾ ಇದ್ಯಾ?" ಎಂದು ಉಗ್ರಾಣದ ಗುಮಾಸ್ತ ದಿನದಂತೆ ಕೆಣಕಿದ.

ಇಲಿಯಪ್ಪ ಮೇಜು ಗುದ್ದಿದ. "ಮುಚ್ಚು ಬಾಯಿ! ಇನ್ನೊಂದ್ಸಲ ಅಂದ್ರೆ ನಿನ್ನನ್ನೇ ಗೂಡಿಗೆ ಹಾಕ್ತೀನಿ!"

ಗುಮಾಸ್ತ ಎರಡು ಹೆಜ್ಜೆ ಹಿಂದೆ ಸರಿದ. ಆಹಾ, ಎಷ್ಟು ಹಿತವಾಗಿತ್ತು!

ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಹೆಂಡತಿ ತೀರಿಕೊಂಡಾಗಿನಿಂದ, ಆರು ವರ್ಷ, ನೆಲ ಒರೆಸುವ ಅಕ್ಕ ತನ್ನ ಡಬ್ಬಿಯಲ್ಲಿ ಅವನಿಗೂ ಒಂದು ಪಾಲು ತರುತ್ತಿದ್ದಳು. ಮಧ್ಯಾಹ್ನ ಎಂದಿನಂತೆ ಮುಂದಿಟ್ಟಳು. "ತಗೋ ತಮ್ಮಾ."

"ಉಪ್ಪಿಲ್ಲ, ಖಾರ ಇಲ್ಲ. ಪಾಪ ಅಂತ ನುಂಗ್ತಿದೀನಿ. ಇಲಿಗೆ ಹಾಕಿದ್ರೂ ಮೂಸಲ್ಲ ಇದನ್ನ!"

ಅಕ್ಕ ಡಬ್ಬಿಯನ್ನು ತನ್ನತ್ತ ಎಳೆದುಕೊಂಡಳು. ಮುಚ್ಚಳ ಓರೆಯಾಗಿಯೇ ಒತ್ತಿ, ಎತ್ತಿಕೊಂಡು ಹೊರಟುಹೋದಳು.

ಊಟ ಆಯ್ತಾ ಎಂದು ಇಲಿಯಪ್ಪನನ್ನು ಕೇಳುವ ಜೀವ ಅದೊಂದೇ. ಮೂರು ಗಂಟೆಗೆ ಹೋಗಿ ಕೈಮುಗಿದ. "ಅಕ್ಕಾ, ಅದು ನಾನಾಡಿದ ಮಾತಲ್ಲ. ಔಷಧಿ ಆಡಿಸಿದ್ದು. ಹಳದಿ ಬಾಟಲಿ ಕುಡಿದುಬಿಟ್ಟೆ."

"ಅಯ್ಯೋ, ಮೊದಲೇ ಹೇಳಬಾರದಾ! ನಿಜ ಅಂದ್ಕೊಂಡು ಅತ್ತುಬಿಟ್ಟೆ ಕಣೋ. ಜೀವಕ್ಕೇನಾದ್ರೂ ಆದ್ರೆ? ನಡಿ ಮೇಡಂ ಹತ್ರ!"

"ಬೇಡ ಅಕ್ಕಾ, ಇಳಿದುಹೋಗುತ್ತೆ."

ಅವಳು ಕೇಳಲಿಲ್ಲ. ರಟ್ಟೆ ಹಿಡಿದು ಎಳೆದೊಯ್ದಳು.

ಮೇಡಂ ಗಾಬರಿಯಿಂದ ಲಕೋಟೆ ಹರಿದರು, ಓದಿದರು, ತಲೆಯ ಮೇಲೆ ಕೈಹೊತ್ತು ಕೂತರು. "ಎರಡು ತಿಂಗಳ ಕೆಲಸ ಹಾಳಾಯ್ತಲ್ರೀ! ಹಳದಿ ಅಂದ್ರೆ ಬರೀ ನೀರು."

"ಮತ್ತೆ ಇಲಿ ಕಚ್ಚಿತಲ್ಲ ಮೇಡಂ?"

"ಹೊತ್ತಿಗೆ ಸರಿಯಾಗಿ ಕಾಳು ಹಾಕಿದ್ರಾ?"

ಹಾಕಿರಲಿಲ್ಲ. ರಟ್ಟೆಯ ಮೇಲಿದ್ದ ಅಕ್ಕನ ಹಿಡಿತ ಮೆಲ್ಲಗೆ ಸಡಿಲವಾಯಿತು.

"ಹಾಗಾದ್ರೆ ಆರು ವರ್ಷದಿಂದ್ಲೂ ಪಾಪ ಅಂತಲೇ ನುಂಗ್ತಿದ್ಯಾ, ತಮ್ಮಾ?" ಎಂದಳು.

ಸಿಟ್ಟಿನಿಂದ ಕೇಳಿದ್ದರೆ ಅವನು ಹೇಗೋ ತಡೆದುಕೊಳ್ಳುತ್ತಿದ್ದ.