ನೀರುಗಂಟಿಗಳ ಹಗಲು ನಿದ್ರೆಗೆ ಸಂಪೂರ್ಣ ಕತ್ತಲೆ ಒದಗಿಸುವ ಕುರಿತು

ಸಂಖ್ಯೆ: ಕತ್ತಲೆ/ಕಿಟಕಿ/04/2025-26
ದಿನಾಂಕ: 07-08-2025

ಸುತ್ತೋಲೆ

ವಿಷಯ: ವಿಶ್ರಾಂತಿ ಕೊಠಡಿಗಳ ಕಿಟಕಿಗಳಿಗೆ ಬೆಳಕು ತಡೆಯುವ ಬ್ಲೈಂಡ್ಸ್ ಅಳವಡಿಸುವ ಬಗ್ಗೆ.

ಉಲ್ಲೇಖ: 1) ಬಾಬುರಾಯನಕೊಪ್ಪಲಿನ ನೀರುಗಂಟಿ ಶ್ರೀ ದ್ಯಾವಯ್ಯ ಅವರ ಮೌಖಿಕ ಮನವಿ (ನಡುವೆ ಎರಡು ಆಕಳಿಕೆಗಳನ್ನು ಒಳಗೊಂಡಂತೆ).
2) ರೈತ ಮಹಿಳೆ ಶ್ರೀಮತಿ ಚಿಕ್ಕಬೋರಮ್ಮ ಅವರ ದೂರು.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ನೀರುಗಂಟಿಗಳು ರಾತ್ರಿಯಿಡೀ ನಾಲೆಯ ತೂಬುಗಳನ್ನು ತೆರೆದು ಮುಚ್ಚಿ, ಹಗಲು ಮಲಗುವವರಾಗಿರುತ್ತಾರೆ. ಕಿಟಕಿಯ ಬಿಸಿಲಿನಿಂದ ನಿದ್ರೆಗೆಟ್ಟ ದ್ಯಾವಯ್ಯ ಅವರು ತೂಬಿನ ಬಳಿ ನಿಂತೇ ತೂಕಡಿಸಿದ ಕಾರಣ, ಚಿಕ್ಕಬೋರಮ್ಮ ಅವರ ಭತ್ತದ ಒಟ್ಲಿಗೆ (ಸಸಿಮಡಿಗೆ) ಹೋಗಬೇಕಾದ ನೀರು ಅವರ ಕೊಟ್ಟಿಗೆಗೆ ಹೋಗಿರುತ್ತದೆ. "ಏನಣ್ಣ ದ್ಯಾವಯ್ಯ, ಒಟ್ಲಿಗೆ ಬುಡು ಅಂದ್ರೆ ಕೊಟ್ಗೆಗೆ ಬುಟ್ಟಿದ್ದೀಯಲ್ಲ, ಹಸುಗೆ ಈಜು ಕಲ್ಸಾಕಾ?" ಎಂದು ಅವರು ಪ್ರಶ್ನಿಸಿದ್ದು, ಈಜು ಈ ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ಹಿಂಬರಹ ನೀಡಲಾಗಿದೆ. ಆದರೂ ದ್ಯಾವಯ್ಯ ಅವರು ಈ ವಾರದೊಳಗೆ ನಿದ್ರಿಸದಿದ್ದಲ್ಲಿ ಒಟ್ಲು ಒಣಗುವ ಸಂಭವವಿರುವುದರಿಂದ, ಈ ಕೆಳಕಂಡಂತೆ ಸೂಚಿಸಲಾಗಿದೆ.

1. ಎಲ್ಲ ವಿಶ್ರಾಂತಿ ಕೊಠಡಿಗಳ ಕಿಟಕಿಗಳಿಗೆ ಬ್ಲೈಂಡ್ಸ್ ಅಳವಡಿಸತಕ್ಕದ್ದು. ಸಂತೆಬಾಚಹಳ್ಳಿಯ ಕೊಠಡಿಗೆ ಕಿಟಕಿಯೇ ಇಲ್ಲದಿರುವುದು ಗಮನಕ್ಕೆ ಬಂದಿದ್ದು, ಅಲ್ಲಿ ಮೊದಲು ಗೋಡೆ ಒಡೆದು ಕಿಟಕಿ ಇಟ್ಟು, ತರುವಾಯ ಅದನ್ನು ಮುಚ್ಚತಕ್ಕದ್ದು.

2. ಬ್ಲೈಂಡ್ಸ್ ಕಿಟಕಿಯ ಚೌಕಟ್ಟಿಗಿಂತ ಸುತ್ತಲೂ ನಾಲ್ಕು ಬೆರಳು ಅಗಲವಿರಬೇಕು. ಯಾರ ಬೆರಳು ಎಂದು ನಾಗಮಂಗಲದ ಉಪಕಚೇರಿಯು ಸ್ಪಷ್ಟನೆ ಕೋರಿದೆ. ಸ್ಪಷ್ಟನೆ ಹೊರಡುವವರೆಗೆ ಕಿರಿಯ ಇಂಜಿನಿಯರ್ ಶ್ರೀ ರಘುನಂದನ್ ಅವರ ಬೆರಳುಗಳನ್ನು ಬಳಸಬಹುದು. ಸದರಿ ಬೆರಳುಗಳು ಸೋಮವಾರ ಕೆ.ಆರ್.ಪೇಟೆಯಲ್ಲಿ ಲಭ್ಯವಿರುತ್ತವೆ.

3. ಕತ್ತಲೆಯನ್ನು ಮೂವರು ಸದಸ್ಯರ ಸಮಿತಿಯು ಗಂಟೆಗೊಮ್ಮೆ ಪರಿಶೀಲಿಸತಕ್ಕದ್ದು. ಮುಖ ಕಾಣದ ಕಾರಣ ಹಾಜರಾತಿಯನ್ನು ಕೆಮ್ಮಿನ ಮೂಲಕ ಪಡೆಯಲಾಗುವುದು. ಮೊದಲ ಪರಿಶೀಲನೆಯಲ್ಲಿ ಸದಸ್ಯೆ ಶ್ರೀಮತಿ ವನಮಾಲಾ ಅವರು ಹಾಜರಿ ಪುಸ್ತಕವೆಂದು ಭಾವಿಸಿ ಗೋಡೆಗೆ ಸಹಿ ಮಾಡಿದ್ದು, ಗೋಡೆಯನ್ನು ಕಡತಕ್ಕೆ ಸೇರಿಸಲು ಕ್ರಮವಹಿಸಲಾಗಿದೆ.

4. ಬ್ಲೈಂಡ್ಸ್‌ಗೆ ಹೊಡೆದ ಒಂದು ಮೊಳೆಯ ತೂತಿನಿಂದ ಬಂದ ಬೆಳಕು ನೇರವಾಗಿ ದ್ಯಾವಯ್ಯ ಅವರ ಎಡಗಣ್ಣಿನ ಮೇಲೆ ಬೀಳುತ್ತಿತ್ತು. ತೂತು ಮುಚ್ಚಲು ಹಲಗೆ ಹೊಡೆದಾಗ ಮತ್ತೆರಡು ತೂತುಗಳಾಗಿ, ಬಲಗಣ್ಣಿಗೂ ಸಮಾನ ಅವಕಾಶ ದೊರೆತಿದೆ. ಹಲಗೆ ಹೊಡೆಯುವ ಕಾರ್ಯವು ಪ್ರಗತಿಯಲ್ಲಿದೆ.

5. ಸಮಿತಿಯು ಒಳಬರುವ ಮುನ್ನ ಬಾಗಿಲನ್ನು ಮೂರು ಬಾರಿ ಬಡಿದು, "ಕತ್ತಲಾಯ್ತಾ?" ಎಂದು ಗಟ್ಟಿಯಾಗಿ ಕೇಳತಕ್ಕದ್ದು. ನಿದ್ರಿಸುತ್ತಿರುವವರು ಎದ್ದು ಉತ್ತರಿಸತಕ್ಕದ್ದು. ಉತ್ತರ ಬಾರದಿದ್ದಲ್ಲಿ ಪುನಃ ಬಡಿಯತಕ್ಕದ್ದು.

6. ಇಂದು ನಡೆದ ಹನ್ನೊಂದನೇ ಪರಿಶೀಲನೆಯಲ್ಲಿ ದ್ಯಾವಯ್ಯ ಅವರು ನೀಡಿದ ಹೇಳಿಕೆಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ: "ಸ್ವಾಮಿ, ಬಿಸ್ಲು ಬಂದ್ರೆ ಮುಕದ್ ಮ್ಯಾಲೆ ಟವಲ್ ಆಕ್ಕೊಂಡಾದ್ರೂ ಒಸಿ ಮಲೀಕತಿದ್ದೆ. ಈಗ ಗಂಟೆಗೊಂದ್ ಸಲ ಬಂದು ಬಾಗ್ಲು ಬಡೀತೀರಿ, ಮೊಳೆ ಒಡೀತೀರಿ, ಕೆಮ್ತೀರಿ. ಕತ್ಲು ಚೆಂದಾಗದೆ, ಇಲ್ಲ ಅನ್ನಾಕಿಲ್ಲ. ನೀವೊಸಿ ಸುಮ್ಕಿದ್ರೆ ನಾನೊಸಿ ಕಣ್ ಮುಚ್ತೀನಿ."

ಈ ಹೇಳಿಕೆಯ ನಂತರ ಹತ್ತು ನಿಮಿಷ ಯಾರೂ ಕೆಮ್ಮಿರುವುದಿಲ್ಲ. ನಾಲೆಯ ನೀರು ಹರಿಯುವ ಸದ್ದು ಆ ಕೊಠಡಿಗೆ ಕೇಳಿಸುತ್ತದೆಂಬುದು ಇಲಾಖೆಗೆ ಪ್ರಥಮ ಬಾರಿಗೆ ತಿಳಿದುಬಂದಿದೆ. ಹನ್ನೊಂದನೇ ನಿಮಿಷದಲ್ಲಿ ಗೊರಕೆ ಕೇಳಿಬಂದಿರುತ್ತದೆ. ಅದು ತಮ್ಮದಲ್ಲವೆಂದು ಮೂವರು ಸದಸ್ಯರೂ ಮೊಬೈಲ್ ಸಂದೇಶದ ಮೂಲಕ ದೃಢೀಕರಿಸಿರುತ್ತಾರೆ.

7. ಆದ್ದರಿಂದ ಕ್ರಮ ಸಂಖ್ಯೆ 3ರಿಂದ 5ರವರೆಗಿನ ಸೂಚನೆಗಳನ್ನು ತಕ್ಷಣದಿಂದ ಹಿಂಪಡೆಯಲಾಗಿದೆ. ಬಾಗಿಲು ಕಿರುಗುಟ್ಟುವುದರಿಂದ, ಒಳಗಿರುವ ಸದಸ್ಯರು ದ್ಯಾವಯ್ಯ ಅವರು ತಾವಾಗಿ ಏಳುವವರೆಗೆ ಇದ್ದಲ್ಲಿಯೇ ಕುಳಿತಿರತಕ್ಕದ್ದು. ಈ ಅವಧಿಯನ್ನು ಕರ್ತವ್ಯವೆಂದೇ ಪರಿಗಣಿಸಲಾಗುವುದು.

ಸಹಿ/-
ಸಮಿತಿಯ ಅಧ್ಯಕ್ಷರ ಪರವಾಗಿ
(ಅಧ್ಯಕ್ಷರು ಕೊಠಡಿಯೊಳಗಿದ್ದಾರೆ)

ಪ್ರತಿಗಳು:
1. ನಾಲ್ಕೂ ತಾಲ್ಲೂಕುಗಳ ಉಪಕಚೇರಿಗಳಿಗೆ: ಸೂಚನಾ ಫಲಕಕ್ಕೆ ಅಂಟಿನಿಂದ ಅಂಟಿಸುವುದು.
2. ಹಲಗೆ ಹೊಡೆಯುತ್ತಿದ್ದ ಗೋವಿಂದನಹಳ್ಳಿಯ ಬಡಗಿಗೆ: ಸುತ್ತಿಗೆಯನ್ನು ಕಚೇರಿಗೆ ಒಪ್ಪಿಸಲು.
3. ಶ್ರೀಮತಿ ಚಿಕ್ಕಬೋರಮ್ಮ ಅವರಿಗೆ: ರಾತ್ರಿ ನೀರು ಬರಲಿರುವುದರಿಂದ, ಇಂದು ಸಂಜೆಯೊಳಗೆ ಒಟ್ಲಿನ ಬದು ಗಟ್ಟಿ ಮಾಡಿಕೊಳ್ಳಲು.
4. ಶ್ರೀ ದ್ಯಾವಯ್ಯ ಅವರಿಗೆ: ಎದ್ದ ಮೇಲೆ.