ಎಮ್ಮೆ ಆಸ್ಪತ್ರೆಯ ಎಸ್ಟಿಮೇಟು

ಶಿವಮೊಗ್ಗದಿಂದ ಬಂದ ಜೀಪು ಸಾಗರದ ಕಟ್ಟಡ ಕಚೇರಿಯ ಮುಂದೆ ನಿಂತಿತು. ಅದರೊಳಗಿಂದ ಕಂಬಳಿ ಸುತ್ತಿದ ಕಂಪ್ಯೂಟರನ್ನು ನಾಲ್ಕು ಜನ ಸೇರಿ ಬಾಣಂತಿಯನ್ನು ಇಳಿಸುವಷ್ಟು ಜೋಪಾನವಾಗಿ ಇಳಿಸಿದರು. ಭೂತಪ್ಪನವರು ಕಿಟಕಿಯಿಂದ ನೋಡುತ್ತಿದ್ದರು. ಯಾವ ಕಟ್ಟಡಕ್ಕೆ ಎಷ್ಟು ಕಲ್ಲು, ಎಷ್ಟು ಸಿಮೆಂಟು, ಎಷ್ಟು ಖರ್ಚು ಎಂದು ಹದಿನೆಂಟು ವರ್ಷದಿಂದ ಅಲ್ಲಿ ಎಸ್ಟಿಮೇಟು ಬರೆಯುತ್ತಿದ್ದವರು ಅವರು. ಇದು ೧೯೮೮ರ ಮಾತು.

“ಅಳತೆ ಹೇಳಿದ್ರೆ ಸಾಕಂತೆ. ಪರದೆ ಮೇಲೆ ಕಟ್ಟಡದ ಚಿತ್ರ ಬರುತ್ತಂತೆ, ಕೆಳಗೆ ಖರ್ಚೂ ಬರುತ್ತಂತೆ,” ಎಂದರು ಗುಮಾಸ್ತ ಸುಬ್ಬಯ್ಯ. “ನಿಮ್ಗೆ ಇನ್ನು ಇಲ್ಲೇನು ಕೆಲ್ಸ ಭೂತಪ್ಪೋರೆ? ಆಗುಂಬೆಗೆ ಹಾಕ್ತಾರೆ. ಮಳೆ ಅಳೀತಾ ಕೂರ್ಬಹುದು.”

ಭೂತಪ್ಪನವರ ಮಗಳು ಆ ವರ್ಷ ಎಸ್ಸೆಸ್ಸೆಲ್ಸಿ. ಈಗ ವರ್ಗವಾದರೆ ಹೆಂಡತಿ ಯಮುನಮ್ಮ ಮನೆಯೊಳಗೆ ಬಿಟ್ಟುಕೊಳ್ಳುವುದೂ ಅನುಮಾನವಿತ್ತು.

“ಹೆದರ್ಬೇಡಿ,” ಎಂದರು ಟೈಪಿಸ್ಟ್ ಪುಷ್ಪಮ್ಮ. “ಮಿಷಿನ್ ತಪ್ಪು ಹೇಳಿದ್ರೆ ವಾಪಸ್ ಕಳಿಸ್ತಾರೆ. ಅಳತೆ ಪಟ್ಟಿ ಟೈಪ್ ಮಾಡೋಳು ನಾನಲ್ವಾ?”

“ಬೇಡಮ್ಮ. ಇದ್ದದ್ದು ಇದ್ದಂಗೆ ಹೊಡೀರಿ,” ಎಂದು ಭೂತಪ್ಪ ಕೈಮುಗಿದರು.

ಕಂಪ್ಯೂಟರಿನ ಪರೀಕ್ಷೆಗೆ ಆರಿಸಿದ್ದು ಹೊಸನಗರದ ಕಡೆಯ ಎರಡು ಕೋಣೆಯ ದನದ ಆಸ್ಪತ್ರೆ. ಅದಕ್ಕಾಗಿ ವರ್ಷಗಟ್ಟಲೆ ಓಡಾಡಿದ್ದ ಜಿಲ್ಲಾ ಪರಿಷತ್ ಸದಸ್ಯ ಹೂವಯ್ಯ ಬೆಳಗಿನ ಬಸ್ಸಿಗೇ ಬಂದು ಕೂತಿದ್ದರು. ಹನ್ನೊಂದಕ್ಕೆ ಶಿವಮೊಗ್ಗದ ದೊಡ್ಡ ಇಂಜಿನಿಯರು ಬಂದು, ಭೂತಪ್ಪನವರ ಬೆನ್ನ ಹಿಂದೆಯೇ ನಿಂತರು.

“ಉದ್ದ ಹನ್ನೆರಡು ಮೀಟರ್,” ಮಿಷಿನ್ ಮುಂದೆ ಕೂತ ಶಿವಮೊಗ್ಗದ ಹುಡುಗನಿಗೆ ಭೂತಪ್ಪ ಪಟ್ಟಿ ನೋಡಿ ಓದಿ ಹೇಳಿದರು. “ಅಗಲ ಎಂಟು. ಎತ್ತರ…”

ಮೂರರ ಪಕ್ಕದಲ್ಲಿ ಒಂದು ಸೊನ್ನೆ ದುಂಡಗೆ ಕೂತಿತ್ತು. ಪುಷ್ಪಮ್ಮನ ಕಡೆ ನೋಡಿದರೆ ಆಕೆ ಟೈಪ್‌ರೈಟರಿನ ಧೂಳು ಒರೆಸುವುದರಲ್ಲಿ ಮುಳುಗಿದ್ದರು.

“ಎತ್ತರ ಎಷ್ಟ್ರೀ?” ಎಂದರು ಇಂಜಿನಿಯರು.

ಭೂತಪ್ಪನವರ ಕಿವಿಯಲ್ಲಿ ಆಗುಂಬೆಯ ಮಳೆ ಭೋರೆಂದಿತು. “ಮೂವತ್ತು, ಸಾರ್.” ಪರದೆಯಲ್ಲೇ ಕಣ್ಣು ನೆಟ್ಟಿದ್ದ ಇಂಜಿನಿಯರು ಕೇಳಿಸಿಕೊಳ್ಳದೆ ಹೂಂಗುಟ್ಟಿದರು.

ಮುಂದಿನ ಸಾಲಿನಲ್ಲಿ ಆರು ಕಿಟಕಿ ಅರವತ್ತಾಗಿದ್ದವು. ಅದು ಟೈಪಾದದ್ದಲ್ಲ, ಪೆನ್ನಿನ ಸೊನ್ನೆ. ಸುಬ್ಬಯ್ಯ ತಲೆಯೆತ್ತಿ ಮಾಡಿನ ಹೆಂಚು ನೋಡುತ್ತಿದ್ದರು. ಒಮ್ಮೆ ಸುಳ್ಳು ಹೇಳಿದ ಬಾಯಿ ಅದನ್ನೂ ಓದಿಬಿಟ್ಟಿತು.

ಪರದೆಯ ಮೇಲೆ ಹಸಿರು ಗೆರೆಗಳು ಮೆಣಸಿನ ಬಳ್ಳಿಯಂತೆ ಹತ್ತತೊಡಗಿದವು. ಹತ್ತಿದವು, ಇನ್ನೂ ಹತ್ತಿದವು. ಮೈತುಂಬ ಕಿಟಕಿಯ ಗೋಪುರವೊಂದು ಎದ್ದು ನಿಂತಿತು. ಪಕ್ಕದ ಯಂತ್ರ ಕರಕರ ಎಂದು ಚಿತ್ರವನ್ನೂ ಖರ್ಚನ್ನೂ ಅಚ್ಚುಹಾಕಿ ಹೊರಗೆ ಉಗುಳಿತು: ಇಪ್ಪತ್ತಮೂರು ಲಕ್ಷ. ಭೂತಪ್ಪನವರು ಕೈಯಲ್ಲಿ ಬರೆದ ಎಸ್ಟಿಮೇಟು ಎರಡು ಲಕ್ಷಕ್ಕೂ ಕಡಿಮೆಯಿತ್ತು.

ಇಂಜಿನಿಯರು ಹೊಟ್ಟೆ ಹಿಡಿದು ನಕ್ಕರು. “ಎಮ್ಮೆನ ಹತ್ತನೇ ಮಹಡಿಗೆ ಹತ್ತಿಸಿ ಇಂಜೆಕ್ಷನ್ ಕೊಡೋದೇನ್ರೀ? ಈ ಮಿಷಿನ್ ನಂಬೋಕಾಗಲ್ಲ. ಜೀಪಿಗೆ ಹಾಕಿ ಕಳಿಸಿ.”

ಕಂಪ್ಯೂಟರು ಹೊತ್ತ ಜೀಪು ಹೊರಟುಹೋಯಿತು. ಭೂತಪ್ಪ ಅಳತೆ ಪಟ್ಟಿಯನ್ನು ಮಡಚಿ ಜೇಬಿಗಿಟ್ಟರು. ಸುಬ್ಬಯ್ಯ ಎಲ್ಲರಿಗೂ ಕಾಫಿ ಹೇಳಿಕಳಿಸಿದರು.

ಹೂವಯ್ಯ ಮಾತ್ರ ಕೂತಲ್ಲಿಂದ ಎದ್ದಿರಲಿಲ್ಲ. ಅಚ್ಚಾದ ಹಾಳೆಯನ್ನು ಮಡಿಲಲ್ಲಿ ಹರಡಿಕೊಂಡು ನೋಡುತ್ತಿದ್ದರು.

“ನಗಬ್ಯಾಡಿ ಸಾಹೇಬ್ರೆ,” ಎಂದರು ನಿಧಾನವಾಗಿ. “ನಮ್ ಕಡೆ ಇಂಥಾ ಕಟ್ಟಡ ಯಾರೂ ಕಂಡಿಲ್ಲ. ಕೆಳಗೆ ಎಮ್ಮೆ ಇರ್ಲಿ, ಅದ್ರ ಮೇಲೆ ಆಫೀಸು, ಅದ್ರ ಮೇಲೆ ಮದುವೆ ಛತ್ರ. ದುಡ್ಡು ಮಂಜೂರು ಮಾಡಿಸ್ಕಂಡು ಬರೋದು ನಂಗಿರ್ಲಿ. ನಂಗೆ ಇದೇ ಬೇಕು.”

ಇಂಜಿನಿಯರು ಸದಸ್ಯರ ಮುಖ ನೋಡಿದರು. ನಗು ತಾನಾಗಿ ನಿಂತಿತು.

“ಭೂತಪ್ಪನೋರೆ, ಹತ್ತು ಮಹಡಿಯ ಪೂರ್ತಿ ಎಸ್ಟಿಮೇಟು ಸೋಮವಾರ ನನ್ನ ಮೇಜಿನ ಮೇಲಿರ್ಬೇಕು.”

“ಸಾರ್, ಆ ಕಂಪ್ಯೂಟರು ಇದ್ದಿದ್ರೆ…”

“ಅದನ್ನ ನಂಬೋಕಾಗಲ್ಲ ಅಂತ ಈಗಷ್ಟೆ ನೋಡಿದ್ವಲ್ಲ. ನೀವು ಕೈಯಲ್ಲೇ ಬರೀರಿ.”

ಪುಷ್ಪಮ್ಮ ತಲೆಯೆತ್ತದೆ ಹಾಳೆಗಳ ನಡುವೆ ಕಾರ್ಬನ್ ಜೋಡಿಸತೊಡಗಿದರು. “ಎಷ್ಟು ಪ್ರತಿ ಬೇಕು ಭೂತಪ್ಪೋರೆ?”